ಎಸ್ಸೆಸ್ಸೆಲ್ಸಿ ದ್ವಿತೀಯ ಭಾಷೆ ಇಂಗ್ಲಿಷ್: ಗೈಡ್ ಬದಿಗಿಡಿ, ಪೆನ್ನು ಹಿಡಿಯಿರಿ

ಕನ್ನಡ ಮಾಧ್ಯಮದಲ್ಲಿ ಓದುವ ಮಕ್ಕಳಿಗೆ ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಬಿಟ್ಟರೆ ಜಾಸ್ತಿ ದಿಗಿಲು ಹುಟ್ಟಿಸುವ ಪೇಪರ್ ಇಂಗ್ಲಿಷ್. ಅದಕ್ಕೆ ಮದ್ದು ಎಂದು ಬಹಳ ಮಂದಿ ಮಾಡುವ ಕೆಲಸ ಒಂದೇ. ಗೈಡ್ ತರುವುದು, ಅದರ ಪ್ರಶ್ನೋತ್ತರ ಉರು ಹೊಡೆಯುವುದು. ಪರೀಕ್ಷೆಯಲ್ಲಿ ಅದೇ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದರೆ ಮುಗೀತು. ನಡುವೆ ಒಂದು ಪದ ಮರೆತರೂ ಮುಂದಿನ ಸಾಲು ಬಾಯಿಗೆ ಬರುವುದಿಲ್ಲ.

ಈ ಪೇಪರ್‌ನಲ್ಲಿ ಅಂಕ ಬರುವುದು ನೀವೇ ಕಟ್ಟಿದ ಸಣ್ಣ ಸಣ್ಣ, ತಪ್ಪಿಲ್ಲದ ವಾಕ್ಯಗಳಿಂದ. ಹಾಗಾಗಿ ಇಂಗ್ಲಿಷ್ ತಯಾರಿ ಎಂದರೆ ದಿನಾ ಒಂದಷ್ಟು ಬರೆಯುವುದು. ಬಾಯಿಪಾಠ ಮಾಡಲೇಬೇಕಾದ್ದು ಒಂದಿದೆ, ಅದು ಪದ್ಯ. ಅದರ ಮಾತು ಮುಂದೆ ಬರುತ್ತದೆ.

ಮೊದಲು ಪೇಪರನ್ನು ಬಿಚ್ಚಿ ನೋಡಿ

ಎಸ್ಸೆಸ್ಸೆಲ್ಸಿಯ ಒಟ್ಟು 625 ಅಂಕಗಳಲ್ಲಿ ದ್ವಿತೀಯ ಭಾಷೆಗೆ 100. ಅದರಲ್ಲಿ 20 ಆಂತರಿಕ ಅಂಕ, 80 ಲಿಖಿತ ಪರೀಕ್ಷೆಗೆ. ಪ್ರಶ್ನೆಪತ್ರಿಕೆ ಓದಿಕೊಳ್ಳಲು ಕೊಡುವ 15 ನಿಮಿಷವೂ ಸೇರಿ ಒಟ್ಟು ಮೂರು ಗಂಟೆ.

ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ಜಾಲತಾಣದಲ್ಲಿ ಮಾದರಿ ಪ್ರಶ್ನೆಪತ್ರಿಕೆಗಳು ಸಿಗುತ್ತವೆ. ಈ ವರ್ಷದ್ದೂ ಸೇರಿ ಎರಡು ಮೂರು ಪೇಪರ್ ಪ್ರಿಂಟ್ ತೆಗೆಸಿಕೊಳ್ಳಿ. ಮೂರು ಬಣ್ಣದ ಪೆನ್ಸಿಲ್ ಇಟ್ಟುಕೊಂಡು ಒಂದೊಂದೇ ಪ್ರಶ್ನೆಗೆ ಗುರುತು ಹಾಕಿ. ಪಾಠ, ಪದ್ಯದಿಂದ ಬಂದ ಪ್ರಶ್ನೆಗೆ ಒಂದು ಬಣ್ಣ. ವ್ಯಾಕರಣ ಮತ್ತು ಪದಗಳ ಪ್ರಶ್ನೆಗೆ ಇನ್ನೊಂದು. ಪತ್ರ, ಪ್ರಬಂಧ, ಚಿತ್ರ ನೋಡಿ ಬರೆಯುವುದು, ಕತೆ ಬೆಳೆಸುವುದು, ಕೊಟ್ಟ ಗದ್ಯ ಓದಿ ಉತ್ತರಿಸುವುದು, ಇವಕ್ಕೆ ಮೂರನೇ ಬಣ್ಣ.

ಗುರುತು ಹಾಕಿ ಮುಗಿಸಿದ ಮೇಲೆ ಪೇಪರ್ ಬೇರೆ ಥರವೇ ಕಾಣುತ್ತದೆ. ಇತ್ತೀಚಿನ ವರ್ಷಗಳ ಮಾದರಿಯಲ್ಲಿ ಪತ್ರಕ್ಕೆ 5 ಅಂಕ, ಪದ್ಯದ ಸಾಲು ನೆನಪಿನಿಂದ ಬರೆಯಲು 4, ಪ್ರಬಂಧಕ್ಕೆ 4, ಕೊಟ್ಟ ಗದ್ಯಕ್ಕೆ 4, ಪರಿಚಯ ಬರಹ, ಚಿತ್ರ, ಕತೆ ಇವಕ್ಕೆ ತಲಾ 3. ಕೂಡಿದರೆ 26. ಇಷ್ಟಕ್ಕೂ ಒಂದು ಪದ್ಯ ಬಿಟ್ಟರೆ ಪಾಠ ಓದಿರಲೇಬೇಕು ಎಂಬ ನಿಯಮವೇನೂ ಇಲ್ಲ. ಪಾಸಾದರೆ ಸಾಕಪ್ಪಾ ಎನ್ನುವವರು ಶುರು ಮಾಡಬೇಕಾದ್ದು ಇಲ್ಲಿಂದಲೇ, ಮೊದಲ ಪಾಠದ ಮೊದಲ ಪ್ರಶ್ನೆಯಿಂದಲ್ಲ.

ವಾಕ್ಯ ನೆಟ್ಟಗಾಗಲಿ

ಕನ್ನಡದಲ್ಲಿ ‘ನಿನ್ನೆ ಬಂದೆ’ ಎಂದರೆ ಸಾಕು, ಬಂದದ್ದು ಯಾರು ಎನ್ನುವುದು ಆ ‘ಬಂದೆ’ಯಲ್ಲೇ ಇದೆ. ಇಂಗ್ಲಿಷ್‌ನಲ್ಲಿ ಯಾರು ಎನ್ನುವುದನ್ನು ಬಿಡಿಸಿ ಹೇಳಲೇಬೇಕು, ಅದೂ ಮೊದಲಿಗೇ. ‘ಐ ಕೇಮ್ ಯೆಸ್ಟರ್ಡೇ’. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಅವರಲ್ಲಿ ನಡುವೆ. ‘ಅವಳು ಡಾಕ್ಟರ್’ ಎಂಬ ನಮ್ಮ ವಾಕ್ಯಕ್ಕೆ ಕ್ರಿಯಾಪದವೇ ಬೇಡ. ಇಂಗ್ಲಿಷ್‌ನಲ್ಲಿ ‘ಈಸ್’ ಬೇಕು, ಜೊತೆಗೆ ‘ಎ’ ಕೂಡ ಬೇಕು. ‘ಶೀ ಈಸ್ ಎ ಡಾಕ್ಟರ್’.

ಉತ್ತರ ಪತ್ರಿಕೆಗಳಲ್ಲಿ ಕಾಣುವ ಬಹುಪಾಲು ತಪ್ಪುಗಳು ಇವೇ. ‘ಈಸ್’ ಬಿಟ್ಟುಹೋಗುವುದು, ‘ಹಿ ಗೋ’ ಎಂದು ಬರೆದು ‘ಗೋಸ್’ ಮರೆಯುವುದು, ‘ಡಿಡ್’ ಬಂದ ಮೇಲೂ ‘ವೆಂಟ್’ ಹಾಕುವುದು. ದೊಡ್ಡ ವ್ಯಾಕರಣ ಪುಸ್ತಕ ಇದಕ್ಕೆ ಬೇಡ. ಕ್ರಿಯಾಪದದ ಮೂರು ರೂಪಗಳ ಪಟ್ಟಿಯನ್ನು ನೀವೇ ಒಂದು ನೋಟ್‌ಬುಕ್‌ನಲ್ಲಿ ಮಾಡಿಕೊಳ್ಳಿ. ‘ಗೋ, ವೆಂಟ್, ಗಾನ್’, ‘ಟೇಕ್, ಟುಕ್, ಟೇಕನ್’, ‘ರೈಟ್, ರೋಟ್, ರಿಟನ್’. ಪಾಠದಲ್ಲಿ ಕಂಡ ಕ್ರಿಯಾಪದಗಳನ್ನೇ ದಿನಕ್ಕೆ ಐದರಂತೆ ಸೇರಿಸಿಕೊಂಡು ಹೋಗಿ. ಪ್ಯಾಸಿವ್ ವಾಯ್ಸ್, ‘ಇಫ್’ ವಾಕ್ಯದ ಒಂದು ಬಗೆ, ಪರ್ಫೆಕ್ಟ್ ಟೆನ್ಸ್ ಎಲ್ಲಕ್ಕೂ ಮೂರನೇ ರೂಪ ಬೇಕು. ಆ ಪಟ್ಟಿ ಬಾರದಿದ್ದರೆ ನಿಯಮ ಗೊತ್ತಿದ್ದೂ ಅಂಕ ಹೋಗುತ್ತದೆ.

ಪ್ರತಿದಿನ ರಾತ್ರಿ ಐದು ವಾಕ್ಯ ಬರೆಯಿರಿ. ವಿಷಯ ಏನಾದರೂ ಆಗಲಿ. ಬಸ್ ತಡವಾಗಿ ಬಂತು, ಕರೆಂಟು ಹೋಯಿತು, ಅಜ್ಜಿಗೆ ಜ್ವರ. ಮಾರನೇ ದಿನ ಇಂಗ್ಲಿಷ್ ಮೇಷ್ಟ್ರಿಗೋ ಮಿಸ್ಸಿಗೋ ತೋರಿಸಿ. ತಪ್ಪಿದ್ದ ವಾಕ್ಯವನ್ನು ಸರಿ ಮಾಡಿ ಮತ್ತೊಮ್ಮೆ ಬರೆಯಿರಿ. ಜೂನ್‌ನಲ್ಲಿ ಶುರು ಮಾಡಿದರೆ ಬಲು ಒಳ್ಳೆಯದು. ಡಿಸೆಂಬರ್‌ನಲ್ಲಿ ಶುರು ಮಾಡಿದರೂ ಮಾರ್ಚ್ ಹೊತ್ತಿಗೆ ಕೈ ಪಳಗಿರುತ್ತದೆ.

ಒಂದೊಂದು ಅಂಕದ ಪ್ರಶ್ನೆಗಳು

ಇವು ಎದುರಿಗೆ ಬಿದ್ದಿರುವ ದುಡ್ಡು. ಆದರೆ ಕನ್ನಡದ ಮಕ್ಕಳು ಎಡವುವ ಜಾಗಗಳು ಬೇರೆ ಇವೆ, ಅವನ್ನು ಗೈಡ್‌ಗಳು ಹೇಳುವುದಿಲ್ಲ.

ಸಿಲಬಲ್ ಪ್ರಶ್ನೆ ತೆಗೆದುಕೊಳ್ಳಿ. ಸಿಲಬಲ್ ಎಂದರೆ ಪದವನ್ನು ಹೇಳುವಾಗ ಕಿವಿಗೆ ಬೀಳುವ ಒಂದೊಂದು ಉಚ್ಚಾರದ ತುಂಡು. ‘ಎರಡು ಸಿಲಬಲ್ ಇರುವ ಪದ ಯಾವುದು’ ಎಂದು ನಾಲ್ಕು ಪದ ಕೊಡುತ್ತಾರೆ. ನಾವು ಬಸ್ಸು, ಕಾರು, ಪೆನ್ನು, ಸ್ಕೂಲು ಎಂದು ಎಲ್ಲದರ ಬಾಲಕ್ಕೂ ಒಂದು ‘ಉ’ ಸೇರಿಸಿ ಮಾತಾಡುವವರು. ಚಪ್ಪಾಳೆ ತಟ್ಟಿ ಎಣಿಸಿದರೆ ‘ಸ್ಕೂ-ಲು’ ಎರಡಾಗುತ್ತದೆ. ಇಂಗ್ಲಿಷ್‌ನಲ್ಲಿ ಅದು ‘ಸ್ಕೂಲ್’, ಒಂದೇ ಸಿಲಬಲ್. ‘ಪೆನ್’ ಒಂದು, ‘ಪೆನ್ಸಿಲ್’ ಎರಡು, ‘ಬ್ಯೂಟಿಫುಲ್’ ಮೂರು. ಆ ಬಾಲದ ‘ಉ’ ಕತ್ತರಿಸಿ, ಗದ್ದದ ಕೆಳಗೆ ಕೈಯಿಟ್ಟು ಪದ ಹೇಳಿ ನೋಡಿ. ಗದ್ದ ಎಷ್ಟು ಸಲ ಕೈಗೆ ತಾಗುತ್ತದೋ ಹೆಚ್ಚುಕಡಿಮೆ ಅಷ್ಟು ಸಿಲಬಲ್. ಪರೀಕ್ಷಾ ಕೊಠಡಿಯಲ್ಲಿ ಇದನ್ನು ಸದ್ದಿಲ್ಲದೆ ಮಾಡಬಹುದು.

‘ಎ’ ಮತ್ತು ‘ಆ್ಯನ್’ ವಿಷಯದಲ್ಲಿ ಮಾತ್ರ ಕನ್ನಡ ಲಿಪಿಯೇ ಸಹಾಯಕ್ಕೆ ಬರುತ್ತದೆ. ಮುಂದಿನ ಪದದ ಉಚ್ಚಾರವನ್ನು ಕನ್ನಡದಲ್ಲಿ ಬರೆದು ನೋಡಿ. ಸ್ವರದಿಂದ ಶುರುವಾದರೆ ‘ಆ್ಯನ್’, ವ್ಯಂಜನದಿಂದ ಶುರುವಾದರೆ ‘ಎ’. ‘ಯೂನಿವರ್ಸಿಟಿ’ ಇಂಗ್ಲಿಷ್ ಕಾಗುಣಿತದಲ್ಲಿ ‘ಯು’ ಅಕ್ಷರದಿಂದ ಶುರುವಾದರೂ ಉಚ್ಚಾರದಲ್ಲಿ ಮೊದಲು ಬರುವುದು ಯಕಾರ, ಆದ್ದರಿಂದ ‘ಎ’. ಗಂಟೆಗೆ ಹೇಳುವ ‘ಅವರ್’ ಕಾಗುಣಿತದಲ್ಲಿ ‘ಎಚ್’ನಿಂದ ಶುರು, ಆದರೆ ಅದು ಮೂಕ, ಕಿವಿಗೆ ಬೀಳುವುದು ಅಕಾರ, ಆದ್ದರಿಂದ ‘ಆ್ಯನ್’. ‘ಎಂಎಲ್ಎ’ಗೂ ‘ಆ್ಯನ್’. ಒಂದು ಎಚ್ಚರಿಕೆ: ನಾವು ‘ಒನ್’ ಎಂದು ಬರೆಯುವ ಪದದ ನಿಜವಾದ ಉಚ್ಚಾರ ‘ವನ್’. ಅದಕ್ಕೆ ‘ಎ’ ಬರುತ್ತದೆ.

ಕ್ವೆಶ್ಚನ್ ಟ್ಯಾಗ್‌ನಲ್ಲಿ ನಮಗೆ ಒಂದು ‘ಅಲ್ವಾ’ ಎಲ್ಲದಕ್ಕೂ ಸಾಕು. ಬಂದ ಅಲ್ವಾ, ಬರಲ್ಲ ಅಲ್ವಾ, ಬರ್ತಾರೆ ಅಲ್ವಾ. ಇಂಗ್ಲಿಷ್‌ನಲ್ಲಿ ಟ್ಯಾಗ್ ಪ್ರತಿ ವಾಕ್ಯಕ್ಕೂ ಬದಲಾಗುತ್ತದೆ. ಎರಡು ಕೆಲಸ ಮಾಡಬೇಕು. ವಾಕ್ಯದ ಸಹಾಯಕ ಕ್ರಿಯಾಪದ ಯಾವುದು ಎಂದು ಹುಡುಕಿ. ಆಮೇಲೆ ಹೌದು ಇದ್ದರೆ ಇಲ್ಲ ಮಾಡಿ, ಇಲ್ಲ ಇದ್ದರೆ ಹೌದು ಮಾಡಿ. ‘ಶೀ ಈಸ್ ಟಾಲ್’ ಇದ್ದರೆ ‘ಈಸಂಟ್ ಶೀ’. ‘ದೆ ವೋಂಟ್ ಕಮ್’ ಇದ್ದರೆ ‘ವಿಲ್ ದೆ’. ಸಹಾಯಕ ಕ್ರಿಯಾಪದ ಕಾಣದಿದ್ದರೆ ‘ಡು, ಡಸ್, ಡಿಡ್’ಗಳಲ್ಲಿ ಒಂದು. ‘ಹಿ ಕೇಮ್’ ಇದ್ದರೆ ‘ಡಿಡಂಟ್ ಹಿ’.

ಅಡಿಗೆರೆ ಎಳೆದ ಭಾಗ ಉತ್ತರವಾಗಿ ಬರುವಂತೆ ಪ್ರಶ್ನೆ ಮಾಡಿ ಎಂದು ಕೇಳುತ್ತಾರಲ್ಲ, ಅಲ್ಲಿಯೂ ಇದೇ ‘ಡಿಡ್’ ತೊಂದರೆ. ‘ಸ್ವಾಮಿ ಸ್ಲೆಪ್ಟ್ ಇನ್ ದ ಆಫೀಸ್ ರೂಮ್’ ಎಂಬ ವಾಕ್ಯದಲ್ಲಿ ಕೊನೆಯ ನಾಲ್ಕು ಪದಕ್ಕೆ ಗೆರೆ ಇದೆ ಎಂದುಕೊಳ್ಳಿ. ‘ಸ್ವಾಮಿ ಎಲ್ಲಿ ಮಲಗಿದ’ ಎಂದು ಮನಸ್ಸಿನಲ್ಲಿ ಅಂದುಕೊಂಡು ಹೆಚ್ಚಿನವರು ‘ವೇರ್ ಸ್ವಾಮಿ ಸ್ಲೆಪ್ಟ್’ ಎಂದು ಬರೆಯುತ್ತಾರೆ. ಅದು ತಪ್ಪು. ‘ಸ್ಲೆಪ್ಟ್’ ಅನ್ನು ‘ಡಿಡ್’ ಮತ್ತು ‘ಸ್ಲೀಪ್’ ಎಂದು ಎರಡು ತುಂಡು ಮಾಡಿ. ‘ಡಿಡ್’ ಮುಂದಕ್ಕೆ ಹೋಗಲಿ. ‘ವೇರ್ ಡಿಡ್ ಸ್ವಾಮಿ ಸ್ಲೀಪ್?’ ಗೆರೆ ಎಳೆದದ್ದು ‘ಸ್ವಾಮಿ’ಗೇ ಆಗಿದ್ದರೆ ತುಂಡು ಮಾಡುವ ಗೋಜಿಲ್ಲ. ‘ಹೂ ಸ್ಲೆಪ್ಟ್ ಇನ್ ದ ಆಫೀಸ್ ರೂಮ್?’ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಮರೆಯಬೇಡಿ.

ರಿಪೋರ್ಟೆಡ್ ಸ್ಪೀಚ್, ಪ್ಯಾಸಿವ್ ವಾಯ್ಸ್, ಡಿಗ್ರಿ ಆಫ್ ಕಂಪ್ಯಾರಿಸನ್ ಇವೆಲ್ಲ ಅಭ್ಯಾಸದಿಂದಲೇ ಬರುವಂಥವು. ಹಳೇ ಪೇಪರ್‌ಗಳಿಂದ ಒಂದೊಂದಕ್ಕೂ ಹತ್ತು ವಾಕ್ಯ ಆರಿಸಿ ಮಾಡಿದರೆ ಕೇಳುವ ಬಗೆ ಅರ್ಥವಾಗುತ್ತದೆ. ಒಂದು ಮಾತು ಕೊಟ್ಟು ಅದು ಕೋರಿಕೆಯೋ ಸಲಹೆಯೋ ಎಂದು ಕೇಳುವ ಲ್ಯಾಂಗ್ವೇಜ್ ಫಂಕ್ಷನ್ ಪ್ರಶ್ನೆಗೆ ಮಾತ್ರ ಒಂದು ಸಣ್ಣ ಉಪಾಯ: ಆ ಮಾತನ್ನು ಕನ್ನಡದಲ್ಲಿ ಹೇಳಿಕೊಳ್ಳಿ. ‘ದಯವಿಟ್ಟು ಕೊಡ್ತೀರಾ’ ಎಂದರೆ ಕೋರಿಕೆ, ‘ನೀನು ಡಾಕ್ಟರಿಗೆ ತೋರಿಸಿದ್ರೆ ಒಳ್ಳೇದು’ ಎಂದರೆ ಸಲಹೆ, ‘ಒಳಗೆ ಬರಬಹುದಾ ಸಾರ್’ ಎಂದರೆ ಅನುಮತಿ. ಅದು ಏನು ಎಂದು ನಿಮಗೆ ಕನ್ನಡದಲ್ಲಿ ಗೊತ್ತೇ ಇರುತ್ತದೆ. ಇಂಗ್ಲಿಷ್ ಹೆಸರು ಗೊತ್ತಿರಬೇಕಷ್ಟೆ.

ಪಾಠವನ್ನು ಓದುವ ಕ್ರಮ

ಪಾಠದ ಕತೆಯನ್ನು ಮೊದಲು ಕನ್ನಡದಲ್ಲಿ ಹೇಳಿ. ಇದನ್ನು ಹೇಳಿದರೆ ಕೆಲವು ಇಂಗ್ಲಿಷ್ ಮೇಷ್ಟ್ರುಗಳಿಗೆ ಸಿಟ್ಟು ಬರುತ್ತದೆ, ಬರಲಿ. ಕತೆಯೇ ಗೊತ್ತಿಲ್ಲದ ಮಗು ಇಂಗ್ಲಿಷ್‌ನಲ್ಲಿ ಬರೆಯುವುದಾದರೂ ಏನನ್ನು?

ಉದಾಹರಣೆಗೆ ಆರ್.ಕೆ. ನಾರಾಯಣ್ ಅವರ ‘ಎ ಹೀರೋ’. ಹಳ್ಳಿ ಹುಡುಗನೊಬ್ಬ ಹುಲಿಯನ್ನು ಎದುರಿಸಿದ ಸುದ್ದಿಯನ್ನು ಅಪ್ಪ ಪೇಪರ್‌ನಲ್ಲಿ ಓದುತ್ತಾರೆ. ಧೈರ್ಯ ಒಂದಿದ್ದರೆ ಸಾಕು ಎನ್ನುತ್ತಾರೆ. ಮಗ ಸ್ವಾಮಿ ಒಪ್ಪುವುದಿಲ್ಲ. ಹಾಗಿದ್ದರೆ ಇವತ್ತು ಆಫೀಸ್ ರೂಮಿನಲ್ಲಿ ಒಬ್ಬನೇ ಮಲಗು ಎಂದು ಅಪ್ಪ ಪಂಥ ಹಾಕುತ್ತಾರೆ. ರಾತ್ರಿ ಏನೋ ಚಲಿಸುತ್ತದೆ. ದೆವ್ವವೇ ಬಂತು ಎಂದು ಹೆದರಿ ಸ್ವಾಮಿ ಅದರ ಕಾಲು ಕಚ್ಚುತ್ತಾನೆ. ಸಿಕ್ಕಿಬಿದ್ದವನು ಕಳ್ಳ. ಊರೆಲ್ಲ ಸ್ವಾಮಿಯನ್ನು ಹೊಗಳುತ್ತದೆ. ಅವನು ಮಾತ್ರ ಮಾರನೇ ರಾತ್ರಿ ತನ್ನ ಎಂದಿನ ಜಾಗದಲ್ಲೇ ಮಲಗುತ್ತಾನೆ.

ಈ ಒಂಬತ್ತು ಹತ್ತು ವಾಕ್ಯ ಬಾಯಲ್ಲಿ ಬಂದ ಮೇಲೆ ಒಂದೊಂದನ್ನೂ ಸಣ್ಣ ಇಂಗ್ಲಿಷ್ ವಾಕ್ಯ ಮಾಡಿ ಬರೆಯಿರಿ. ಆಗ ಯಾವ ಪ್ರಶ್ನೆ ಕೇಳಿದರೂ ಇವುಗಳಿಂದಲೇ ಎರಡು ಮೂರು ವಾಕ್ಯ ಎತ್ತಿಕೊಂಡು ಉತ್ತರ ಕಟ್ಟಬಹುದು. ಸ್ವಾಮಿ ಯಾಕೆ ಕಚ್ಚಿದ ಎಂದು ಕೇಳಿದರೆ, ‘ಸ್ವಾಮಿ ವಾಸ್ ಅಲೋನ್ ಇನ್ ದ ಡಾರ್ಕ್ ರೂಮ್. ಹಿ ಥಾಟ್ ದ ಡೆವಿಲ್ ಹ್ಯಾಡ್ ಕಮ್. ಸೋ ಹಿ ಬಿಟ್ ಇಟ್ಸ್ ಲೆಗ್.’ ಎರಡು ಅಂಕಕ್ಕೆ ಇಷ್ಟು ಧಾರಾಳ. ಗೈಡ್‌ನ ಆರು ಸಾಲಿನ ಉತ್ತರವನ್ನು ಅರ್ಧ ನೆನಪಿಟ್ಟು ಬರೆಯುವುದಕ್ಕಿಂತ ಈ ಮೂರು ವಾಕ್ಯ ಎಷ್ಟೋ ಮೇಲು.

ನಾಲ್ಕು ಅಂಕದ ಪ್ರಶ್ನೆಗಳು ಸಾಮಾನ್ಯವಾಗಿ ‘ಏನಾಯಿತು’ ಎನ್ನುವುದಕ್ಕಿಂತ ‘ಆ ಮನುಷ್ಯ ಎಂಥವನು’ ಎನ್ನುವುದನ್ನು ಕೇಳುತ್ತವೆ. ಅದಕ್ಕೆ ಪಾಠದ ಮುಖ್ಯ ಪಾತ್ರದ ಬಗ್ಗೆ ಮೂರು ಗುಣ ಬರೆದುಕೊಳ್ಳಿ, ಪ್ರತಿ ಗುಣಕ್ಕೂ ಕತೆಯಲ್ಲಿ ನಡೆದ ಒಂದು ಸಂಗತಿ ಜೋಡಿಸಿ. ಇನ್ನೊಂದು ಪಾಠದಲ್ಲಿ ಡಾನ್ ಅನ್ಸೆಲ್ಮೋ ಎಂಬ ಮುದುಕ ಜಮೀನು ಮಾರಿದ, ಮರಗಳನ್ನು ಮಾರಲಿಲ್ಲ, ಅವು ಊರಿನ ಮಕ್ಕಳವು ಎಂದ. ಮೊದಲೇ ಒಪ್ಪಿಕೊಂಡ ಬೆಲೆಗಿಂತ ಜಾಸ್ತಿ ಹಣ ಕೊಡಲು ಬಂದರೂ ಬೇಡ ಎಂದ. ಮಾತಿಗೆ ತಪ್ಪದವನು ಎಂದು ಬರೆದು ಹಣದ ಸಂಗತಿ ಹೇಳಿ. ಊರಿನ ಮಕ್ಕಳನ್ನು ಪ್ರೀತಿಸುವವನು ಎಂದು ಬರೆದು ಮರದ ಸಂಗತಿ ಹೇಳಿ. ಬರೀ ‘ಅವನು ಒಳ್ಳೆಯವನು’ ಎಂದು ಬರೆದರೆ ಅಂಕ ಹುಟ್ಟುವುದಿಲ್ಲ.

ಹೆಸರುಗಳ ಕಾಗುಣಿತಕ್ಕೆ ಬೇರೆ ಪುಟ ಇರಲಿ. ರೈಲಿನಿಂದ ಬಿದ್ದ ಹುಡುಗಿಯನ್ನು ಉಳಿಸಿದ ಬಾಲೇಶ್ವರ್ ಮಿಶ್ರಾ, ಆ ಹುಡುಗಿ ರೋಮಾ ತಲ್ರೇಜಾ, ಹೀಗೆ ಪಾಠಕ್ಕೆ ಎರಡು ಮೂರು ಹೆಸರು ಬರುತ್ತವೆ. ಉತ್ತರದಲ್ಲಿ ಹೆಸರೇ ತಪ್ಪಿದ್ದರೆ ಓದುವವರಿಗೆ ನಿಮ್ಮ ಮೇಲಿನ ನಂಬಿಕೆ ಅಲ್ಲೇ ಇಳಿದುಬಿಡುತ್ತದೆ.

ಒಂದು ಮಾತು ಎತ್ತಿಕೊಟ್ಟು ಮೂರು ಪ್ರಶ್ನೆ ಕೇಳುವ ಸಂದರ್ಭದ ಪ್ರಶ್ನೆಗೆ ತಯಾರಾಗಲು ಪಾಠ ಓದುವಾಗಲೇ ಪ್ರತಿ ಮಾತಿನ ಪಕ್ಕ ಪೆನ್ಸಿಲ್‌ನಲ್ಲಿ ‘ಯಾರು, ಯಾರಿಗೆ’ ಎಂದು ಬರೆದುಕೊಳ್ಳಿ. ಅಷ್ಟು ಸಾಕು.

ಪದ್ಯ: ಇಲ್ಲಿ ಉರು ಹೊಡೆಯಿರಿ

ನೆನಪಿನಿಂದ ಪದ್ಯ ಬರೆಯುವ ನಾಲ್ಕು ಅಂಕವನ್ನು ಯಾರೂ ಬಿಡಬಾರದು. ಸಾಮಾನ್ಯವಾಗಿ ಎರಡು ಪದ್ಯಭಾಗ ಕೊಟ್ಟು ಒಂದನ್ನು ಬರೆಯಲು ಹೇಳುತ್ತಾರೆ. ಯಾವ ಪದ್ಯಗಳನ್ನು ಬಾಯಿಪಾಠ ಮಾಡಬೇಕು ಎನ್ನುವುದನ್ನು ಪುಸ್ತಕದಲ್ಲೇ ಸೂಚಿಸಿರುತ್ತಾರೆ, ಮೇಷ್ಟ್ರ ಹತ್ತಿರ ಕೇಳಿ ಗುರುತು ಹಾಕಿಕೊಳ್ಳಿ.

ಬಾಯಲ್ಲಿ ಬಂದರೆ ಕೈಯಲ್ಲಿ ಬಂದಂತೆ ಅಲ್ಲ. ಷೇಕ್ಸ್‌ಪಿಯರ್‌ನ ನಾಟಕದಲ್ಲಿ ಪೋರ್ಷಿಯಾ ಕರುಣೆಯ ಬಗ್ಗೆ ಆಡುವ ಮಾತುಗಳು ಪಠ್ಯದಲ್ಲಿವೆ. ಅದರಲ್ಲಿ ‘ಡ್ರಾಪೆತ್’, ‘ಬ್ಲೆಸೆತ್’ ಎಂಬ ಹಳೇ ಇಂಗ್ಲಿಷ್ ರೂಪಗಳಿವೆ. ಹೇಳುವಾಗ ಸಲೀಸು, ಬರೆಯುವಾಗ ಕಾಗುಣಿತ ಎಡವುತ್ತದೆ. ಅದಕ್ಕೆ ದಿನಕ್ಕೆ ನಾಲ್ಕೇ ಸಾಲು. ಮೊದಲು ಅರ್ಥ ಮಾಡಿಕೊಳ್ಳಿ: ಕರುಣೆಯನ್ನು ಬಲವಂತದಿಂದ ಹುಟ್ಟಿಸಲು ಆಗುವುದಿಲ್ಲ, ಅದು ಆಕಾಶದಿಂದ ಮೆಲ್ಲಗೆ ಬೀಳುವ ಮಳೆಯ ಹಾಗೆ, ಕೊಟ್ಟವರಿಗೂ ಪಡೆದವರಿಗೂ ಒಳ್ಳೆಯದು. ಆಮೇಲೆ ಗಟ್ಟಿಯಾಗಿ ಓದಿ. ಆಮೇಲೆ ಪುಸ್ತಕ ಮುಚ್ಚಿ ಬರೆಯಿರಿ. ಪುಸ್ತಕ ತೆಗೆದು ಅಲ್ಪವಿರಾಮ, ದೊಡ್ಡಕ್ಷರ ಸಮೇತ ಹೋಲಿಸಿ. ಸಾಲು ಎಲ್ಲಿ ಮುರಿಯುತ್ತದೋ ನೀವೂ ಅಲ್ಲೇ ಮುರಿಯಬೇಕು, ಗದ್ಯದ ಥರ ಉದ್ದಕ್ಕೆ ಬರೆಯಬಾರದು. ಭಾನುವಾರಕ್ಕೊಮ್ಮೆ ಕಲಿತದ್ದನ್ನೆಲ್ಲ ಒಂದು ಹಾಳೆಯಲ್ಲಿ ಮತ್ತೆ ಬರೆಯಿರಿ.

ಮನೆಯಲ್ಲಿ ಅಪ್ಪ ಅಮ್ಮನಿಗೆ ಇಂಗ್ಲಿಷ್ ಬಾರದಿದ್ದರೂ ಇಲ್ಲಿ ಸಹಾಯ ಮಾಡಬಹುದು. ಬರೆದ ಹಾಳೆ ಮತ್ತು ಪುಸ್ತಕ ಪಕ್ಕಪಕ್ಕ ಇಟ್ಟು ಒಂದೊಂದೇ ಅಕ್ಷರ ತಾಳೆ ನೋಡುವುದಕ್ಕೆ ಭಾಷೆ ಗೊತ್ತಿರಬೇಕಾಗಿಲ್ಲ. ಪಾಠದ ಕತೆಯನ್ನು ಕನ್ನಡದಲ್ಲಿ ಹೇಳಿಸಿ ಕೇಳುವುದಂತೂ ಅಜ್ಜಿಗೂ ಆಗುತ್ತದೆ.

ಪದ್ಯದ ಸಾರಾಂಶ ಬರೆಯುವಾಗ ಮಾತಾಡುತ್ತಿರುವವರು ಯಾರು ಎಂದು ಮೊದಲು ತಿಳಿದುಕೊಳ್ಳಿ. ‘ದ ಸಾಂಗ್ ಆಫ್ ಇಂಡಿಯಾ’ ಕವಿಗೂ ಭಾರತಮಾತೆಗೂ ನಡೆಯುವ ಮಾತುಕತೆ. ಕವಿ ಹಿಮಾಲಯದ, ಕಡಲುಗಳ ಹಾಡು ಹಾಡಲಾ ಎಂದು ಕೇಳುತ್ತಾನೆ, ತಾಯಿ ಇಲ್ಲಿನ ನೋವಿನ ಕಡೆ ಬೆರಳು ತೋರಿಸುತ್ತಾಳೆ. ಯಾವ ಮಾತು ಯಾರದು ಎಂದು ಅದಲುಬದಲಾದರೆ ಸಾರಾಂಶವೇ ತಲೆಕೆಳಗು. ಅಂದಹಾಗೆ ಇದನ್ನು ಬರೆದವರು ನಮ್ಮ ವಿ.ಕೃ. ಗೋಕಾಕರು. ಕನ್ನಡದಲ್ಲಿ ವಿನಾಯಕ ಎಂಬ ಹೆಸರಿನಲ್ಲಿ ಬರೆದು 1990ರ ಜ್ಞಾನಪೀಠ ಪಡೆದವರು, ಇಂಗ್ಲಿಷ್ ಪ್ರಾಧ್ಯಾಪಕರೂ ಆಗಿದ್ದವರು. ಇಂಗ್ಲಿಷ್ ಓದಿದರೆ ಕನ್ನಡ ಕೆಡುತ್ತದೆ ಎಂದು ಹೆದರುವ ಮನೆಯವರಿಗೆ ಇವರ ಹೆಸರು ಹೇಳಿ.

ಪತ್ರ, ಪ್ರಬಂಧ ಮತ್ತು ಉಳಿದವು

ಪತ್ರದ ಪ್ರಶ್ನೆಯಲ್ಲಿ ‘ನೀವು ಇಂಥ ಊರಿನ ಸರಕಾರಿ ಪ್ರೌಢಶಾಲೆಯ ಇಂಥವರು ಎಂದು ಭಾವಿಸಿ’ ಎಂದು ಹೆಸರು, ವಿಳಾಸ ಕೊಟ್ಟಿರುತ್ತಾರೆ. ಆ ಹೆಸರನ್ನೇ ಬರೆಯಬೇಕು. ಅಭ್ಯಾಸಬಲದಿಂದ ತಮ್ಮ ಹೆಸರು, ತಮ್ಮ ಶಾಲೆ ಬರೆಯುವವರು ಪ್ರತಿ ತರಗತಿಯಲ್ಲೂ ಇರುತ್ತಾರೆ. ಉತ್ತರದೊಳಗೆ ನಿಮ್ಮ ಗುರುತು ಸಿಗುವಂಥದ್ದು ಏನೂ ಇರಬಾರದು.

ವ್ಯವಹಾರದ ಪತ್ರಕ್ಕೆ ಒಂದು ಮೈಕಟ್ಟು ಇದೆ. ಕಳಿಸುವವರ ವಿಳಾಸ, ದಿನಾಂಕ, ಯಾರಿಗೆ, ಸಂಬೋಧನೆ, ವಿಷಯ, ಒಡಲು, ವಂದನೆ, ‘ಯುವರ್ಸ್ ಫೇತ್‌ಫುಲ್ಲಿ’, ಸಹಿ. ಸ್ನೇಹಿತರಿಗೋ ಮನೆಯವರಿಗೋ ಬರೆಯುವುದಾದರೆ ‘ವಿಷಯ’ ಬೇಡ, ‘ಯುವರ್ಸ್ ಲವಿಂಗ್ಲಿ’ ಥರದ ಮುಕ್ತಾಯ. ‘ಯುವರ್ಸ್’ ಪದಕ್ಕೆ ಅಪಾಸ್ಟ್ರಫಿ ಇಲ್ಲ. ಮೈಕಟ್ಟು ಸರಿಯಿದ್ದರೆ ಒಡಲು ಸ್ವಲ್ಪ ಸೊರಗಿದ್ದರೂ ಒಂದಷ್ಟು ಅಂಕ ಕೈಗೆ ಸಿಗುತ್ತದೆ. ಒಡಲಿನಲ್ಲಿ ನಾಲ್ಕು ವಿಷಯ ಇರಲಿ: ನಾನು ಯಾರು, ಏನು ತೊಂದರೆ, ಅದರಿಂದ ಯಾರಿಗೆ ಕಷ್ಟ, ನೀವು ಏನು ಮಾಡಬೇಕು. ಊರಿನ ಬೀದಿದೀಪ, ಕುಡಿಯುವ ನೀರು, ಬಸ್ಸು, ಗ್ರಂಥಾಲಯ, ಯಾವುದೇ ಬಂದರೂ ಈ ನಾಲ್ಕು ಸಾಕು.

ಪರಿಚಯ ಬರಹದಲ್ಲಿ ಒಬ್ಬ ವ್ಯಕ್ತಿಯ ವಿವರಗಳನ್ನು ಪಟ್ಟಿ ಮಾಡಿ ಕೊಡುತ್ತಾರೆ. ವಯಸ್ಸು 42, ಎತ್ತರ, ಕೆಲಸ, ಹವ್ಯಾಸ, ಜನ ಯಾಕೆ ಇಷ್ಟಪಡುತ್ತಾರೆ, ಹೀಗೆ. ಪಟ್ಟಿಯ ಪ್ರತಿ ಸಾಲನ್ನೂ ಒಂದು ವಾಕ್ಯ ಮಾಡಬೇಕು. ‘ಹಿ ಏಜ್ 42’ ತಪ್ಪು. ‘ಹಿ ಈಸ್ 42 ಇಯರ್ಸ್ ಓಲ್ಡ್’ ಸರಿ. ‘ಹಾಬಿ ರೀಡಿಂಗ್’ ತಪ್ಪು. ‘ಹಿಸ್ ಹಾಬಿ ಈಸ್ ರೀಡಿಂಗ್’ ಸರಿ. ವ್ಯಕ್ತಿ ಹೆಂಗಸಾಗಿದ್ದರೆ ಮೊದಲಿನಿಂದ ಕೊನೆವರೆಗೆ ‘ಶೀ, ಹರ್’ ಇರಬೇಕು. ನಡುವೆ ‘ಹಿ’ ನುಸುಳುತ್ತದೆ, ಹುಷಾರು.

ಚಿತ್ರಕ್ಕೆ ‘ದಿಸ್ ಈಸ್ ಎ ಪಿಕ್ಚರ್ ಆಫ್’ ಎಂದು ಶುರು ಮಾಡಿ, ಯಾರು ಏನು ಮಾಡುತ್ತಿದ್ದಾರೆ ಎಂದು ‘ಈಸ್, ಆರ್’ ಜೊತೆ ‘ಇಂಗ್’ ಸೇರಿಸಿ ಆರೇಳು ವಾಕ್ಯ ಬರೆಯಿರಿ. ಕತೆ ಬೆಳೆಸುವಾಗ ಎಲ್ಲ ಭೂತಕಾಲದಲ್ಲಿ. ಕೊಟ್ಟ ಸುಳಿವನ್ನು ಹಾಗೇ ನಕಲು ಮಾಡಿದರೆ ಅದು ಕತೆ ಅಲ್ಲ.

ಪ್ರಬಂಧಕ್ಕೆ ಇಪ್ಪತ್ತು ವಿಷಯ ಉರು ಹೊಡೆಯುವವರನ್ನು ಕಂಡರೆ ಪಾಪ ಅನಿಸುತ್ತದೆ. ಪರಿಸರ, ಆರೋಗ್ಯ, ಮೊಬೈಲು ಮತ್ತು ಇಂಟರ್ನೆಟ್, ರಾಷ್ಟ್ರೀಯ ಹಬ್ಬ, ಓದು, ಈ ಐದು ಗುಂಪಿಗೆ ತಲಾ ಹತ್ತು ಸರಳ ವಾಕ್ಯ ನಿಮ್ಮದೇ ಆಗಿ ಇದ್ದರೆ ಕೇಳುವ ಹೆಚ್ಚಿನ ವಿಷಯಗಳು ಅದರೊಳಗೇ ಬರುತ್ತವೆ. ಪೀಠಿಕೆ, ವಿಷಯ, ಮುಕ್ತಾಯ ಎಂದು ಮೂರು ಪ್ಯಾರಾ ಮಾಡಿ.

ಕೊಟ್ಟ ಗದ್ಯ ಓದಿ ಉತ್ತರಿಸುವಾಗ ಪ್ರಶ್ನೆಗಳನ್ನು ಮೊದಲು ಓದಿ, ಗದ್ಯ ಆಮೇಲೆ. ಉತ್ತರ ಗದ್ಯದಲ್ಲೇ ಇರುತ್ತದೆ.

ಪ್ರಿಪರೇಟರಿ ಹೊತ್ತಿಗೆ

ಪೂರ್ವಸಿದ್ಧತಾ ಪರೀಕ್ಷೆಯ ಅಂಕಕ್ಕಿಂತ ಆ ಉತ್ತರ ಪತ್ರಿಕೆ ಮುಖ್ಯ. ಅಂಕ ಎಲ್ಲೆಲ್ಲಿ ಹೋಯಿತು ಎಂದು ಪಟ್ಟಿ ಮಾಡಿ. ಗೊತ್ತಿಲ್ಲದೆ ಹೋದದ್ದು, ಗೊತ್ತಿದ್ದೂ ಕಾಗುಣಿತದಿಂದ ಹೋದದ್ದು, ಸಮಯ ಸಾಲದೆ ಹೋದದ್ದು, ಮೂರನ್ನೂ ಬೇರೆ ಮಾಡಿ. ಮೂರಕ್ಕೂ ಪರಿಹಾರ ಬೇರೆ ಬೇರೆ. ಸಮಯದ್ದೇ ತೊಂದರೆ ಆಗಿದ್ದರೆ ಹೊಸದಾಗಿ ಏನೂ ಓದಬೇಡಿ. ಭಾನುವಾರ ಬೆಳಿಗ್ಗೆ ಗಡಿಯಾರ ಎದುರಿಗಿಟ್ಟು ಹಳೇ ಪೇಪರ್ ಒಂದನ್ನು ಪೂರ್ತಿ ಬರೆಯಿರಿ. ಮೂರು ಗಂಟೆ ಒಂದೇ ಸಮ ಕೂತು ಬರೆಯುವುದಕ್ಕೆ ಕೈಗೂ ಬೆನ್ನಿಗೂ ಅಭ್ಯಾಸ ಬೇಕು.

ಪರೀಕ್ಷೆಯ ದಿನ

ಓದಿಕೊಳ್ಳಲು ಕೊಡುವ 15 ನಿಮಿಷದಲ್ಲಿ ಸುಮ್ನೆ ಕಣ್ಣಾಡಿಸಬೇಡಿ. ಆಯ್ಕೆ ಇರುವ ಕಡೆ ಯಾವುದನ್ನು ಬರೆಯುವುದು ಎಂದು ಆಗಲೇ ತೀರ್ಮಾನ ಮಾಡಿ: ಯಾವ ಪತ್ರ, ಯಾವ ಪ್ರಬಂಧ, ಯಾವ ಪದ್ಯಭಾಗ. ಬರೆಯುವ ನಡುವೆ ಮನಸ್ಸು ಬದಲಾಯಿಸಿ ಹೊಡೆದುಹಾಕುವುದರಲ್ಲೇ ಎಷ್ಟೋ ಜನರ ಹೊತ್ತು ಹೋಗುತ್ತದೆ.

ಬಾಯಿಪಾಠದ ಪದ್ಯವನ್ನು ಬರೆಯುವ ಸಮಯ ಶುರುವಾದ ಕೂಡಲೇ ಬರೆದುಬಿಡುವುದು ಜಾಣತನ, ನೆನಪು ಹಸಿಯಾಗಿರುತ್ತದೆ. ಆಮೇಲೆ ಒಂದು ಅಂಕದವು, ಆಮೇಲೆ ಪತ್ರ ಮತ್ತು ಪ್ರಬಂಧ, ಕೊನೆಗೆ ಪಾಠದ ಪ್ರಶ್ನೆಗಳು. ಕ್ರಮ ತಪ್ಪಿಸಿ ಬರೆದರೆ ಪ್ರಶ್ನೆ ಸಂಖ್ಯೆ ಮಾತ್ರ ದೊಡ್ಡದಾಗಿ, ಪ್ರಶ್ನೆಪತ್ರಿಕೆಯಲ್ಲಿ ಇದ್ದಂತೆಯೇ ಹಾಕಬೇಕು. ಬಹು ಆಯ್ಕೆಯ ಪ್ರಶ್ನೆಗೆ ಬರೀ ಅಕ್ಷರ ಬರೆದು ಬಿಡಬೇಡಿ, ಅಕ್ಷರದ ಜೊತೆ ಪೂರ್ತಿ ಉತ್ತರ ಬರೆಯಿರಿ. ವಾಕ್ಯ ತಿದ್ದುವ ಪ್ರಶ್ನೆಯಲ್ಲಿ ಕೇಳಿದ ತಪ್ಪನ್ನಷ್ಟೇ ತಿದ್ದಿ, ಸರಿಯಿದ್ದದ್ದನ್ನು ಮುಟ್ಟಬೇಡಿ.

ಗೊತ್ತಿಲ್ಲದ ಪ್ರಶ್ನೆಗೆ ಒಂದು ವಾಕ್ಯವಾದರೂ ಬರೆಯಿರಿ. ಪಾಠದ ಯಾವುದೋ ಹೊಂದುವ ಸಂಗತಿ ಸಾಕು. ಪ್ರಶ್ನೆಯನ್ನೇ ನಕಲು ಮಾಡುವುದರಿಂದ ಮಾತ್ರ ಏನೂ ಸಿಗುವುದಿಲ್ಲ. ಕೊನೆಯ ಹತ್ತು ನಿಮಿಷ ಮೂರೇ ವಿಷಯ ನೋಡಿ: ವಾಕ್ಯದ ಮೊದಲ ಅಕ್ಷರ ದೊಡ್ಡದಿದೆಯಾ, ಕೊನೆಗೆ ಚುಕ್ಕೆ ಇದೆಯಾ, ‘ಈಸ್’ ಎಲ್ಲಾದರೂ ಬಿಟ್ಟುಹೋಗಿದೆಯಾ.

ಫಲಿತಾಂಶ ನಿರೀಕ್ಷೆಗಿಂತ ತೀರಾ ಕಡಿಮೆ ಬಂದರೆ ಮಂಡಳಿಗೆ ಅರ್ಜಿ ಹಾಕಿ ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿಕೊಳ್ಳಬಹುದು. ಅದನ್ನು ಮಂಡಳಿ ಪ್ರಕಟಿಸುವ ಕೀ ಉತ್ತರದ ಜೊತೆ ಮೇಷ್ಟ್ರ ಪಕ್ಕ ಕೂತು ಹೋಲಿಸಿ. ಬರೆದದ್ದು ಸರಿಯಿದ್ದೂ ಅಂಕ ಬಿದ್ದಿಲ್ಲ ಎಂದು ಕಂಡರೆ ಮರುಮೌಲ್ಯಮಾಪನಕ್ಕೆ ಹಾಕಿ. ಎರಡಕ್ಕೂ ಕೊನೆಯ ದಿನಾಂಕ ಬೇಗ ಬರುತ್ತದೆ, ಫಲಿತಾಂಶದ ದಿನವೇ ವೇಳಾಪಟ್ಟಿ ನೋಡಿಟ್ಟುಕೊಳ್ಳಿ. ಅಂಕ ಬಿದ್ದದ್ದು ಸರಿಯೇ ಎಂದು ಕಂಡರೆ ಪರೀಕ್ಷೆ 2ಕ್ಕೆ ಹೆಸರು ಕೊಡಿ. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಪದ್ಧತಿ ಬಂದ ಮೇಲೆ ಹೆಚ್ಚು ಬಂದ ಅಂಕವೇ ಉಳಿಯುತ್ತದೆ, ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಬರೆಯಬಹುದು. ಆ ಸ್ಕ್ಯಾನ್ ಪ್ರತಿಯನ್ನು ಎಸೆಯಬೇಡಿ. ಪರೀಕ್ಷೆ 2ಕ್ಕೆ ಏನು ಓದಬೇಕು ಎನ್ನುವುದು ಅದರಲ್ಲೇ ಬರೆದಿದೆ.